ಎರಡು ಗ್ರಾಫಿಕ್ಸ್ ಕಾರ್ಡ್‌ಗಳನ್ನು ಹೋಲಿಸುವ ಕ್ರಮ: ಆರ್‌ಟಿಎಕ್ಸ್ 3060 ಮತ್ತು 4060ರ ಉದಾಹರಣೆ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗೆ ಹೋದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, "ಇವೆರಡರಲ್ಲಿ ಯಾವ ಕಾರ್ಡ್ ಒಳ್ಳೆಯದು?" ಎಂಬುದು. ಈ ಪ್ರಶ್ನೆಗೆ ಸರಿಯಾದ ಉತ್ತರವಿಲ್ಲ, ಏಕೆಂದರೆ ಪ್ರಶ್ನೆಯೇ ಅರ್ಧಕ್ಕೆ ನಿಂತಿದೆ. ಯಾವ ಕೆಲಸಕ್ಕೆ, ಯಾವ ಮಾನಿಟರ್‌ಗೆ, ಯಾವ ಮದರ್‌ಬೋರ್ಡ್‌ಗೆ ಎಂಬುದನ್ನು ಸೇರಿಸಿದಾಗಲೇ ಹೋಲಿಕೆ ಆರಂಭವಾಗುತ್ತದೆ. ಇದನ್ನು ವಿವರಿಸಲು ನಾನು ಎನ್ವಿಡಿಯಾ ಕಂಪನಿಯ ಎರಡು ಕಾರ್ಡ್‌ಗಳನ್ನು ಆರಿಸಿಕೊಂಡಿದ್ದೇನೆ: 2021ರ ಫೆಬ್ರವರಿಯಲ್ಲಿ ಬಂದ 12 ಜಿಬಿಯ ಆರ್‌ಟಿಎಕ್ಸ್ 3060 ಮತ್ತು 2023ರ ಜೂನ್‌ನಲ್ಲಿ ಬಂದ 8 ಜಿಬಿಯ ಆರ್‌ಟಿಎಕ್ಸ್ 4060. ಹೊಸ ಕಾರ್ಡ್ ಕೆಲವು ಅಂಕಿಗಳಲ್ಲಿ ಮುಂದಿದ್ದು ಇನ್ನು ಕೆಲವು ಅಂಕಿಗಳಲ್ಲಿ ಹಳೆಯದಕ್ಕಿಂತ ಸ್ಪಷ್ಟವಾಗಿ ಹಿಂದಿರುವ ಜೋಡಿ ಇದಾದ್ದರಿಂದ, ಇದನ್ನು ಓದಲು ಕಲಿತವರಿಗೆ ಉಳಿದ ಜೋಡಿಗಳು ಕಷ್ಟವಾಗುವುದಿಲ್ಲ.

ಮೊದಲು ಒಂದು ಹಾಳೆಯಲ್ಲಿ ನಿಮ್ಮ ಸ್ಥಿತಿಯನ್ನು ಬರೆದುಕೊಳ್ಳಿ. ಮಾನಿಟರಿನ ರೆಸಲ್ಯೂಷನ್ ಎಷ್ಟು, ಅದು ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸಬಲ್ಲದು, ಆಡುವ ಆಟಗಳು ಯಾವುವು, ವಿಡಿಯೋ ಸಂಕಲನ, ಬ್ಲೆಂಡರ್ (ಮೂರು ಆಯಾಮದ ಚಿತ್ರ ಕಟ್ಟುವ ತಂತ್ರಾಂಶ) ಅಥವಾ ಭಾಷಾ ಮಾದರಿಗಳ (ಚಾಟ್‌ಜಿಪಿಟಿಯಂಥ ಎಐ) ಕೆಲಸ ಇದೆಯೇ, ಮದರ್‌ಬೋರ್ಡ್ ಯಾವುದು, ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಪೂರೈಸುವ ಭಾಗ) ಎಷ್ಟು ವ್ಯಾಟ್, ಕ್ಯಾಬಿನೆಟ್‌ನಲ್ಲಿ ಎಷ್ಟು ಉದ್ದದ ಕಾರ್ಡ್ ಕೂರುತ್ತದೆ ಎಂಬಷ್ಟು ವಿವರ ಸಾಕು. ಮುಂದೆ ಓದುವ ಪ್ರತಿಯೊಂದು ಅಂಕಿಯನ್ನೂ ಈ ಹಾಳೆಯ ಪಕ್ಕದಲ್ಲಿಟ್ಟು ನೋಡಬೇಕು.

ಹೆಸರನ್ನು ಪೂರ್ತಿಯಾಗಿ ಓದಿ

ಒಂದೇ ಹೆಸರಿನಡಿ ಬೇರೆ ಬೇರೆ ಕಾರ್ಡ್‌ಗಳನ್ನು ಮಾರುವುದು ಈ ಉದ್ಯಮದ ಹಳೆಯ ರೂಢಿ, ಮತ್ತು ಇದು ಕೊಳ್ಳುವವರಿಗೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ. ಜಿಟಿ 1030 ಎಂಬ ಕಾರ್ಡ್ 2017ರಲ್ಲಿ ಜಿಡಿಡಿಆರ್5 ಮೆಮೊರಿಯೊಂದಿಗೆ ಬಂದಾಗ ಅದರ ಮೆಮೊರಿ ಬ್ಯಾಂಡ್‌ವಿಡ್ತ್ (ಮೆಮೊರಿಯಿಂದ ದತ್ತಾಂಶ ಸಾಗುವ ವೇಗ) ಸೆಕೆಂಡಿಗೆ 48 ಜಿಬಿ ಇತ್ತು; ಮರುವರ್ಷ ಅದೇ ಹೆಸರಿನಲ್ಲಿ ಡಿಡಿಆರ್4 ಮೆಮೊರಿ ಹಾಕಿ ಬಿಟ್ಟ ಕಾರ್ಡ್‌ನಲ್ಲಿ ಅದು 16.8 ಜಿಬಿಗೆ, ಅಂದರೆ ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಯಿತು. ಜಿಟಿಎಕ್ಸ್ 1060ರ 6 ಜಿಬಿ ಆವೃತ್ತಿಯಲ್ಲಿ 1,280 ಕೋರ್‌ಗಳಿದ್ದರೆ (ಲೆಕ್ಕ ಮಾಡುವ ಸಣ್ಣ ಘಟಕಗಳು) 3 ಜಿಬಿ ಆವೃತ್ತಿಯಲ್ಲಿ 1,152 ಮಾತ್ರ ಇದ್ದವು. ನಮ್ಮ ಉದಾಹರಣೆಯ 3060 ಕೂಡ ಇದಕ್ಕೆ ಹೊರತಲ್ಲ: 2022ರಲ್ಲಿ ಬಂದ ಅದರ 8 ಜಿಬಿ ಆವೃತ್ತಿಯ ಮೆಮೊರಿ ಬಸ್ (ಚಿಪ್ ಮತ್ತು ಮೆಮೊರಿಯ ನಡುವಿನ ದಾರಿ) 192 ಬಿಟ್‌ನಿಂದ 128 ಬಿಟ್‌ಗೆ ಕುಗ್ಗಿದೆ. ಲ್ಯಾಪ್‌ಟಾಪ್‌ನ 3060ರಲ್ಲಿ 3,840 ಕೋರ್‌ಗಳಿದ್ದರೂ ಮೆಮೊರಿ 6 ಜಿಬಿ ಮಾತ್ರ. ಹೀಗಾಗಿ ಹೆಸರಿನ ಜೊತೆಗೆ ಮೆಮೊರಿಯ ಗಾತ್ರ, ಮೆಮೊರಿಯ ಬಗೆ, ಬಸ್ಸಿನ ಅಗಲ ಮತ್ತು ಲ್ಯಾಪ್‌ಟಾಪ್ ಅಥವಾ ಡೆಸ್ಕ್‌ಟಾಪ್ ಎಂಬ ನಾಲ್ಕು ಸಂಗತಿಗಳು ಗೊತ್ತಾಗುವವರೆಗೆ ಹೋಲಿಕೆಯನ್ನು ಆರಂಭಿಸಬೇಡಿ. ಕಾರ್ಡ್ ಈಗಾಗಲೇ ಕೈಯಲ್ಲಿದ್ದರೆ ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಇವೆಲ್ಲವನ್ನೂ ಒಂದೇ ಕಿಟಕಿಯಲ್ಲಿ ತೋರಿಸುತ್ತದೆ.

ಕೋರ್‌ಗಳ ಎಣಿಕೆ ಮತ್ತು ಟೆರಾಫ್ಲಾಪ್ಸ್

ವಿವರಪಟ್ಟಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಕೋರ್‌ಗಳ ಸಂಖ್ಯೆ. 3060ರಲ್ಲಿ 3,584 ಕುಡಾ ಕೋರ್‌ಗಳಿವೆ, 4060ರಲ್ಲಿ 3,072. ಇಷ್ಟನ್ನೇ ನೋಡಿದರೆ ಹಳೆಯದೇ ಮೇಲೆನ್ನಿಸುತ್ತದೆ. ಆದರೆ ಕೋರ್‌ಗಳು ಎಷ್ಟು ವೇಗವಾಗಿ ದುಡಿಯುತ್ತವೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 3060ರ ಬೂಸ್ಟ್ ಕ್ಲಾಕ್ (ಭಾರ ಬಿದ್ದಾಗ ಏರುವ ವೇಗ) 1,777 ಮೆಗಾಹರ್ಟ್ಸ್ ಆಗಿದ್ದರೆ 4060ರದು 2,460 ಮೆಗಾಹರ್ಟ್ಸ್. ಪ್ರತಿ ಕೋರ್ ಒಂದು ಕ್ಲಾಕ್ ಸುತ್ತಿನಲ್ಲಿ ಒಂದು ಗುಣಾಕಾರ ಮತ್ತು ಒಂದು ಸಂಕಲನ, ಹೀಗೆ ಎರಡು ಲೆಕ್ಕ ಮಾಡುವುದರಿಂದ, ಕೋರ್‌ಗಳ ಸಂಖ್ಯೆಯನ್ನು ಎರಡರಿಂದಲೂ ಕ್ಲಾಕ್ ವೇಗದಿಂದಲೂ ಗುಣಿಸಿದರೆ ಟೆರಾಫ್ಲಾಪ್ಸ್, ಅಂದರೆ ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಲೆಕ್ಕ ಎಂಬ ಅಂಕಿ, ಸಿಗುತ್ತದೆ. 3060ಕ್ಕೆ ಅದು ಸುಮಾರು 12.7, 4060ಕ್ಕೆ ಸುಮಾರು 15.1. ಹೊಸದು ಶೇಕಡಾ 19ರಷ್ಟು ಮುಂದಿದೆ. 1080ಪಿ ರೆಸಲ್ಯೂಷನ್‌ನಲ್ಲಿ ಆಟಗಳನ್ನು ಅಳೆದಾಗ ಸರಾಸರಿಯಲ್ಲಿ ಕಾಣುವ ಅಂತರವೂ ಬಹುಮಟ್ಟಿಗೆ ಇದೇ ಆಸುಪಾಸಿನಲ್ಲಿದೆ.

ಈ ಹೊಂದಾಣಿಕೆಯನ್ನು ನೋಡಿ ಟೆರಾಫ್ಲಾಪ್ಸ್ ಒಂದನ್ನೇ ನಂಬಿ ಕೂರುವುದು ಅಪಾಯ. 2018ರ ಆರ್‌ಟಿಎಕ್ಸ್ 2080 ಟಿಐ ಕಾರ್ಡ್‌ಗೆ ಇದೇ ಸೂತ್ರದ ಪ್ರಕಾರ ಸುಮಾರು 13.4 ಟೆರಾಫ್ಲಾಪ್ಸ್, 2020ರ ಆರ್‌ಟಿಎಕ್ಸ್ 3070ಕ್ಕೆ ಸುಮಾರು 20.3. ಕಾಗದದ ಮೇಲೆ ಒಂದೂವರೆ ಪಟ್ಟು ಅಂತರವಿದ್ದರೂ ಆಟಗಳಲ್ಲಿ ಅವೆರಡೂ ಹೆಚ್ಚುಕಡಿಮೆ ಸಮಾನವಾಗಿ ಓಡುತ್ತವೆ. 3000 ಸರಣಿಯಲ್ಲಿ ಎನ್ವಿಡಿಯಾ ಕೋರ್‌ಗಳ ಒಳಗಿನ ರಚನೆಯನ್ನು ಬದಲಿಸಿ, ಮೊದಲು ಪೂರ್ಣಾಂಕಗಳ ಲೆಕ್ಕಕ್ಕೆಂದೇ ಮೀಸಲಿದ್ದ ದಾರಿಯಲ್ಲಿ ದಶಮಾಂಶದ ಲೆಕ್ಕವನ್ನೂ ಮಾಡಲು ಅವಕಾಶ ಕೊಟ್ಟಿತು. ಕೋರ್‌ಗಳ ಎಣಿಕೆ ಒಮ್ಮೆಗೇ ಇಮ್ಮಡಿಯಾದಂತೆ ಕಂಡರೂ ಆಟಗಳು ಎರಡೂ ಬಗೆಯ ಲೆಕ್ಕವನ್ನು ಬೆರೆಸಿ ಬಳಸುವುದರಿಂದ ನಿಜವಾದ ಲಾಭ ಅಷ್ಟಾಗಲಿಲ್ಲ. ಒಂದೇ ಪೀಳಿಗೆಯ ಕಾರ್ಡ್‌ಗಳ ನಡುವೆ ಈ ಅಂಕಿ ಒಳ್ಳೆಯ ಸೂಚಕವಾಗುತ್ತದೆ. ಪೀಳಿಗೆ ಬದಲಾದರೆ ಅದು ಊಹೆಗೆ ಆಧಾರ, ತೀರ್ಪಿಗಲ್ಲ. ಎಎಂಡಿ ಮತ್ತು ಎನ್ವಿಡಿಯಾ ಕಾರ್ಡ್‌ಗಳ ನಡುವೆ ಕೋರ್ ಸಂಖ್ಯೆಯನ್ನು ಹೋಲಿಸುವುದರಲ್ಲಂತೂ ಅರ್ಥವೇ ಇಲ್ಲ, ಏಕೆಂದರೆ ಎರಡೂ ಕಂಪನಿಗಳು 'ಕೋರ್' ಎಂದು ಎಣಿಸುವ ವಸ್ತು ಒಂದೇ ಅಲ್ಲ.

ಮೆಮೊರಿ: ಗಾತ್ರ ಬೇರೆ, ವೇಗ ಬೇರೆ

ನನಗೆ ತಿಳಿದಂತೆ ಹೋಲಿಕೆಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ಮೆಮೊರಿ ಬ್ಯಾಂಡ್‌ವಿಡ್ತ್ ಲೆಕ್ಕ ಹಾಕಲು ಬಸ್ಸಿನ ಅಗಲವನ್ನು ಎಂಟರಿಂದ ಭಾಗಿಸಿ, ಮೆಮೊರಿ ಚಿಪ್ಪಿನ ವೇಗದಿಂದ ಗುಣಿಸಿದರಾಯಿತು. 3060ರ ಬಸ್ 192 ಬಿಟ್, ವೇಗ 15 ಗಿಗಾಬಿಟ್. ಉತ್ತರ ಸೆಕೆಂಡಿಗೆ 360 ಜಿಬಿ. 4060ರ ಬಸ್ 128 ಬಿಟ್, ವೇಗ 17 ಗಿಗಾಬಿಟ್; ಉತ್ತರ 272 ಜಿಬಿ. ಅಂದರೆ ಹೊಸ ಕಾರ್ಡ್ ಇಲ್ಲಿ ಹಳೆಯದಕ್ಕಿಂತ ಶೇಕಡಾ 24ರಷ್ಟು ಹಿಂದಿದೆ. ಹಾಗಿದ್ದೂ ಅದು ಆಟಗಳಲ್ಲಿ ಮುಂದಿರುವುದಕ್ಕೆ ಕಾರಣ, ಎಲ್2 ಕ್ಯಾಶ್ (ಚಿಪ್ಪಿನೊಳಗೇ ಇರುವ ಚಿಕ್ಕ ಮೆಮೊರಿ) 3 ಎಂಬಿಯಿಂದ 24 ಎಂಬಿಗೆ ಏರಿರುವುದು. ಪದೇ ಪದೇ ಬೇಕಾಗುವ ಅಕ್ಕಿ ಬೇಳೆ ಅಡುಗೆಮನೆಯ ಡಬ್ಬಿಯಲ್ಲೇ ಇದ್ದರೆ ಉಗ್ರಾಣಕ್ಕೆ ಓಡಾಡುವ ಶ್ರಮ ತಪ್ಪುವಂತೆ, ಕ್ಯಾಶ್ ದೊಡ್ಡದಾದಷ್ಟೂ ಚಿಪ್ ಹೊರಗಿನ ಮೆಮೊರಿಯ ಬಳಿಗೆ ಹೋಗುವುದು ಕಡಿಮೆಯಾಗುತ್ತದೆ. ಈ ಲಾಭವನ್ನು ಸೇರಿಸಿ ಎನ್ವಿಡಿಯಾ 4060ಕ್ಕೆ 453 ಜಿಬಿಯ 'ಪರಿಣಾಮಕಾರಿ ಬ್ಯಾಂಡ್‌ವಿಡ್ತ್' ಎಂದು ಹೇಳಿಕೊಂಡಿತು. ಆ ಅಂಕಿಯನ್ನು 3060ರ 360ರ ಎದುರಿಗಿಟ್ಟು ನೇರವಾಗಿ ಹೋಲಿಸಬಾರದು: 360 ಬಸ್ಸಿನ ಲೆಕ್ಕದಿಂದ ಬಂದದ್ದು, 453 ಅಂದಾಜು. ರೆಸಲ್ಯೂಷನ್ ಏರಿದಂತೆ ಡಬ್ಬಿಯಲ್ಲಿ ಹಿಡಿಸದ ಸಾಮಾನು ಹೆಚ್ಚಾಗಿ ಕ್ಯಾಶಿನ ಲಾಭ ಇಳಿಯುತ್ತದೆ. 1080ಪಿಯಲ್ಲಿ ಒಂದು ಚಿತ್ರಕ್ಕೆ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿದ್ದರೆ 1440ಪಿಯಲ್ಲಿ 36.9 ಲಕ್ಷ, 4ಕೆಯಲ್ಲಿ 82.9 ಲಕ್ಷ ಇರುತ್ತವೆ.

ಮೆಮೊರಿಯ ಗಾತ್ರದ ವರ್ತನೆಯೇ ಬೇರೆ. ಬ್ಯಾಂಡ್‌ವಿಡ್ತ್ ಕಡಿಮೆಯಾದರೆ ವೇಗ ಹಂತಹಂತವಾಗಿ ತಗ್ಗುತ್ತದೆ. ಗಾತ್ರ ಸಾಕಾಗುವವರೆಗೆ ಏನೂ ವ್ಯತ್ಯಾಸವಾಗುವುದಿಲ್ಲ, ಸಾಕಾಗದ ಕ್ಷಣದಿಂದ ಎಲ್ಲವೂ ಕೆಡುತ್ತದೆ. ಕಾರ್ಡ್‌ನಲ್ಲಿ ಹಿಡಿಸದ ದತ್ತಾಂಶ ಕಂಪ್ಯೂಟರಿನ ರ್‍ಯಾಮ್‌ಗೆ ಹೋಗಿ ಕುಳಿತು, ಬೇಕಾದಾಗಲೆಲ್ಲ ಕಾರ್ಡನ್ನು ಮದರ್‌ಬೋರ್ಡ್‌ಗೆ ಜೋಡಿಸುವ ಪಿಸಿಐಇ ದಾರಿಯಲ್ಲಿ ಬರಬೇಕಾಗುತ್ತದೆ. ಆಗ ಆಟ ಮಧ್ಯೆ ಮಧ್ಯೆ ತಡವರಿಸುತ್ತದೆ, ಕೆಲವು ಆಟಗಳು ವೇಗ ಉಳಿಸಿಕೊಳ್ಳಲು ಗೋಡೆ ನೆಲಗಳ ಚಿತ್ರವನ್ನೇ ಮಸುಕು ಮಾಡುತ್ತವೆ. ಎರಡನೆಯ ಬಗೆಯ ಹಾನಿ ಫ್ರೇಮ್ ಎಣಿಕೆಯ ಯಾವ ಗ್ರಾಫ್‌ನಲ್ಲೂ ಕಾಣಿಸುವುದಿಲ್ಲವಾದ್ದರಿಂದ ವಿಡಿಯೋ ಹೋಲಿಕೆಗಳನ್ನು ಕಣ್ಣಿಟ್ಟು ನೋಡಬೇಕು. ಮೆಮೊರಿಯ ಗಾತ್ರವೊಂದೇ ಎಷ್ಟು ಪ್ರಭಾವ ಬೀರುತ್ತದೆ ಎಂದು ತಿಳಿಯಬೇಕಾದವರು ಆರ್‌ಟಿಎಕ್ಸ್ 4060 ಟಿಐಯ 8 ಜಿಬಿ ಮತ್ತು 16 ಜಿಬಿ ಆವೃತ್ತಿಗಳ ಪರೀಕ್ಷೆಗಳನ್ನು ಓದಬೇಕು. ಅವೆರಡರಲ್ಲೂ ಚಿಪ್, ಬಸ್, ಬ್ಯಾಂಡ್‌ವಿಡ್ತ್ ಒಂದೇ ಆಗಿರುವುದರಿಂದ ವ್ಯತ್ಯಾಸವೆಲ್ಲ ಗಾತ್ರದ್ದೇ.

ಮದರ್‌ಬೋರ್ಡ್‌ನ ಪಾತ್ರ

3060 ಕಾರ್ಡ್ ಪಿಸಿಐಇಯ 16 ಲೇನ್‌ಗಳನ್ನು ಬಳಸುತ್ತದೆ, 4060 ಎಂಟನ್ನು ಮಾತ್ರ. ಪಿಸಿಐಇ 4.0 ಇರುವ ಮದರ್‌ಬೋರ್ಡ್‌ನಲ್ಲಿ ಎಂಟು ಲೇನ್‌ಗಳು ಸೆಕೆಂಡಿಗೆ ಸುಮಾರು 16 ಜಿಬಿ ಸಾಗಿಸುವುದರಿಂದ ಚಿಂತೆಯಿಲ್ಲ. ಆದರೆ ನಿಮ್ಮದು ಪಿಸಿಐಇ 3.0ರ ಹಳೆಯ ಬೋರ್ಡ್ ಆಗಿದ್ದರೆ ಅದು 8 ಜಿಬಿಗೆ ಇಳಿಯುತ್ತದೆ, 3060 ಮಾತ್ರ ಅಲ್ಲಿಯೂ 16 ಜಿಬಿ ಉಳಿಸಿಕೊಳ್ಳುತ್ತದೆ. ಮೆಮೊರಿ ಸಾಲುತ್ತಿರುವಾಗ ಇದರ ಪರಿಣಾಮ ಅಲ್ಪ. ಮೆಮೊರಿ ತುಂಬಿ ಹರಿಯತೊಡಗಿದಾಗ ಈ ಕೊರತೆಯೂ ಅದಕ್ಕೆ ಸೇರಿಕೊಳ್ಳುತ್ತದೆ. 2022ರ ಜನವರಿಯಲ್ಲಿ ಎಎಂಡಿ ಬಿಟ್ಟ ಆರ್‌ಎಕ್ಸ್ 6500 ಎಕ್ಸ್‌ಟಿ 4 ಜಿಬಿ ಮೆಮೊರಿ ಮತ್ತು ನಾಲ್ಕೇ ಲೇನ್‌ಗಳೊಂದಿಗೆ ಬಂದು, ಹಳೆಯ ಬೋರ್ಡ್‌ಗಳಲ್ಲಿ ಗಮನಾರ್ಹವಾಗಿ ನಿಧಾನವಾಯಿತು. ಅಗ್ಗದ ಕಾರ್ಡ್ ಹುಡುಕುವವರ ಬಳಿ ಹಳೆಯ ಬೋರ್ಡ್ ಇರುವ ಸಾಧ್ಯತೆಯೇ ಹೆಚ್ಚು ಎಂಬುದನ್ನು ನೆನೆದರೆ ಇದನ್ನು ಪರಿಶೀಲಿಸುವುದು ಎಷ್ಟು ಮುಖ್ಯ ಎಂಬುದು ತಿಳಿಯುತ್ತದೆ.

ಪರೀಕ್ಷೆಯ ಫಲಿತಾಂಶಗಳನ್ನು ಓದುವುದು

ವಿವರಪಟ್ಟಿ ಊಹೆಯನ್ನು ಕೊಡುತ್ತದೆ, ಬೆಂಚ್‌ಮಾರ್ಕ್ ಅದನ್ನು ಒರೆಗೆ ಹಚ್ಚುತ್ತದೆ. ಎರಡು ಕಾರ್ಡ್‌ಗಳನ್ನೂ ಒಂದೇ ಪರೀಕ್ಷಕರು, ಒಂದೇ ಪ್ರೊಸೆಸರ್ ಮೇಲೆ, ಆಟದ ಒಂದೇ ದೃಶ್ಯದಲ್ಲಿ ಅಳೆದಿರಬೇಕು. ಒಂದು ಕಡೆಯಿಂದ 3060ರ ಅಂಕಿಯನ್ನೂ ಇನ್ನೊಂದು ಕಡೆಯಿಂದ 4060ರ ಅಂಕಿಯನ್ನೂ ತಂದು ಪಕ್ಕದಲ್ಲಿಟ್ಟರೆ ಅದು ಹೋಲಿಕೆಯಾಗುವುದಿಲ್ಲ. ಶೇಕಡಾ ಎರಡು ಮೂರರ ಅಂತರವನ್ನು ಸಮಾನವೆಂದೇ ತಿಳಿಯಿರಿ, ಅಷ್ಟು ಏರಿಳಿತ ಒಂದೇ ಕಾರ್ಡನ್ನು ಎರಡು ಸಲ ಅಳೆದಾಗಲೂ ಬರಬಹುದು.

ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಬರುವ ಫ್ರೇಮ್‌ಗಳ, ಅಂದರೆ ಚಿತ್ರಗಳ, ಎಣಿಕೆ) ಒಂದನ್ನೇ ನೋಡಬೇಡಿ. ಗಂಟೆಗೆ ಆರು ಬಸ್‌ಗಳಿವೆ ಎಂದರೆ ಸರಾಸರಿ ಹತ್ತು ನಿಮಿಷಕ್ಕೊಂದು ಎಂದಾಯಿತು; ಆದರೆ ಐದು ಬಸ್‌ಗಳು ಒಟ್ಟಿಗೆ ಬಂದು ಹೋಗಿ ಆರನೆಯದಕ್ಕಾಗಿ ಐವತ್ತು ನಿಮಿಷ ಕಾದವರಿಗೆ ಆ ಸರಾಸರಿಯಿಂದ ಪ್ರಯೋಜನವಿಲ್ಲ. ಫ್ರೇಮ್‌ಗಳ ವಿಷಯವೂ ಹೀಗೆಯೇ. ಸೆಕೆಂಡಿಗೆ 60 ಫ್ರೇಮ್‌ಗಳು ಹಿತವಾಗಿ ಕಾಣಬೇಕಾದರೆ ಪ್ರತಿಯೊಂದೂ ಸುಮಾರು 16.7 ಮಿಲಿಸೆಕೆಂಡಿಗೆ ಬರಬೇಕು. ಆದ್ದರಿಂದಲೇ ಪರೀಕ್ಷಕರು 'ಒನ್ ಪರ್ಸೆಂಟ್ ಲೋ' ಎಂಬ ಅಂಕಿಯನ್ನೂ ಕೊಡುತ್ತಾರೆ. ಅತಿ ನಿಧಾನವಾಗಿ ಬಂದ ಶೇಕಡಾ ಒಂದರಷ್ಟು ಫ್ರೇಮ್‌ಗಳ ವೇಗವನ್ನು ಅದು ತಿಳಿಸುತ್ತದೆ. ಸರಾಸರಿ ಒಳ್ಳೆಯದಿದ್ದು ಈ ಅಂಕಿ ತೀರಾ ಕೆಳಗಿದ್ದರೆ ಮೆಮೊರಿ ಸಾಲದಿರುವುದು ಅಥವಾ ಪ್ರೊಸೆಸರ್ ಸೋತಿರುವುದು ಕಾರಣವಾಗಿರಬಹುದು.

ಹಲವು ಆಟಗಳ ಫಲಿತಾಂಶವನ್ನು ಕೂಡಿಸುವಾಗಲೂ ಎಚ್ಚರ ಬೇಕು. ಒಂದು ಕಾರ್ಡ್ ಮೊದಲ ಆಟದಲ್ಲಿ 400, ಎರಡನೆಯದರಲ್ಲಿ 50 ಫ್ರೇಮ್ ಕೊಟ್ಟಿತೆಂದೂ, ಇನ್ನೊಂದು ಕಾರ್ಡ್ 300 ಮತ್ತು 60 ಕೊಟ್ಟಿತೆಂದೂ ಇಟ್ಟುಕೊಳ್ಳೋಣ. ಸುಮ್ಮನೆ ಸರಾಸರಿ ತೆಗೆದರೆ 225 ಮತ್ತು 180, ಮೊದಲನೆಯದು ಶೇಕಡಾ 25 ಮುಂದೆ. ಆಟದಿಂದ ಆಟಕ್ಕೆ ಅನುಪಾತ ತೆಗೆದು ಗುಣೋತ್ತರ ಸರಾಸರಿ ಮಾಡಿದರೆ (ಎರಡು ಅನುಪಾತಗಳನ್ನು ಗುಣಿಸಿ ವರ್ಗಮೂಲ ತೆಗೆದರೆ) ಮುನ್ನಡೆ ಶೇಕಡಾ ಐದಕ್ಕೆ ಇಳಿಯುತ್ತದೆ, ಮತ್ತು ನಿಜವಾಗಿ ಭಾರವಾದ ಆಟದಲ್ಲಿ ಎರಡನೆಯ ಕಾರ್ಡೇ ಮೇಲು ಎಂಬುದೂ ಗೊತ್ತಾಗುತ್ತದೆ. ಒಟ್ಟು ಸರಾಸರಿಗಿಂತ ನೀವು ಆಡುವ ನಾಲ್ಕೈದು ಆಟಗಳ ಸಾಲುಗಳನ್ನು ನೋಡುವುದೇ ಲೇಸು.

ಪರೀಕ್ಷಕರು ಕಾರ್ಡಿನ ಪೂರ್ಣ ಸಾಮರ್ಥ್ಯ ಹೊರಬರಲೆಂದು ಅತಿ ವೇಗದ ಪ್ರೊಸೆಸರ್ ಬಳಸುತ್ತಾರೆ. ನಿಮ್ಮದು ಹಳೆಯದಾಗಿದ್ದರೆ ಆ ಅಂಕಿ ನಿಮಗೆ ಸಿಗುವುದಿಲ್ಲ. ಈಗಿರುವ ಕಾರ್ಡ್‌ನಲ್ಲಿ ಆಟದ ರೆಸಲ್ಯೂಷನ್ ತಗ್ಗಿಸಿ ನೋಡಿ. ಫ್ರೇಮ್ ಎಣಿಕೆ ಏರದಿದ್ದರೆ ತಡೆಯುತ್ತಿರುವುದು ಪ್ರೊಸೆಸರ್, ಹೊಸ ಕಾರ್ಡ್‌ಗೆ ಹಾಕುವ ಹಣ ಅಲ್ಲಿ ವ್ಯರ್ಥವಾಗುತ್ತದೆ.

ಇನ್ನು ಫ್ರೇಮ್ ಜನರೇಷನ್. ಕಾರ್ಡ್ ನಿಜವಾಗಿ ಬಿಡಿಸಿದ ಎರಡು ಚಿತ್ರಗಳ ನಡುವೆ ಲೆಕ್ಕ ಹಾಕಿದ ಚಿತ್ರವನ್ನು ಸೇರಿಸುವ ಈ ತಂತ್ರ ಎನ್ವಿಡಿಯಾದ ಡಿಎಲ್‌ಎಸ್‌ಎಸ್ 3 ಎಂಬ ತಂತ್ರಜ್ಞಾನದ ಭಾಗವಾಗಿ 4060ರಲ್ಲಿದೆ, 3060ರಲ್ಲಿ ಇಲ್ಲ; ಎಎಂಡಿಯ ಎಫ್‌ಎಸ್‌ಆರ್ 3ರ ಮೂಲಕ ಮಾತ್ರ, ಅದನ್ನು ಅಳವಡಿಸಿಕೊಂಡ ಆಟಗಳಲ್ಲಿ, 3060ರವರೂ ಇಂಥದ್ದನ್ನು ಬಳಸಬಹುದು. ಚಲನೆ ನುಣುಪಾಗಿ ಕಾಣುತ್ತದೆ, ಅದು ನಿಜವಾದ ಉಪಯೋಗವೇ. ಆದರೆ ಮೌಸ್ ಒತ್ತಿದಾಗ ಆಟ ಸ್ಪಂದಿಸುವ ವೇಗ ನಿಜವಾದ ಫ್ರೇಮ್‌ಗಳನ್ನು ಅವಲಂಬಿಸಿರುವುದರಿಂದ, ಒಂದರಲ್ಲಿ ಇದನ್ನು ಹಾಕಿ ಇನ್ನೊಂದರಲ್ಲಿ ತೆಗೆದು ಬಿಡಿಸಿದ ಗ್ರಾಫ್ ನ್ಯಾಯವಾದ ಹೋಲಿಕೆಯಲ್ಲ. 2025ರ ಜನವರಿಯಲ್ಲಿ ಎನ್ವಿಡಿಯಾ ಮುಖ್ಯಸ್ಥ ಜೆನ್ಸನ್ ಹುವಾಂಗ್ ಅವರು ಸಿಇಎಸ್ ಮೇಳದ ವೇದಿಕೆಯಲ್ಲಿ 549 ಡಾಲರ್‌ಗಳ ಆರ್‌ಟಿಎಕ್ಸ್ 5070 ಕಾರ್ಡ್ 4090ರ ಸಾಮರ್ಥ್ಯ ಕೊಡುತ್ತದೆ ಎಂದರು. ಒಂದು ನಿಜವಾದ ಫ್ರೇಮ್‌ಗೆ ಮೂರರವರೆಗೆ ಕೃತಕ ಫ್ರೇಮ್ ಸೇರಿಸುವ ತಂತ್ರವನ್ನು ಆ ಮಾತು ನೆಚ್ಚಿಕೊಂಡಿತ್ತು. ಕೋರ್‌ಗಳನ್ನು ಎಣಿಸಿದರೆ 5070ರಲ್ಲಿರುವುದು 6,144, 4090ರಲ್ಲಿ 16,384. ಕಂಪನಿ ಕೊಡುವ ಗ್ರಾಫ್‌ನ ಕೆಳಗಿನ ಸಣ್ಣಕ್ಷರದ ಸಾಲನ್ನು ಮೊದಲು ಓದುವ ಅಭ್ಯಾಸ ಮಾಡಿಕೊಳ್ಳಿ.

ಆಟವಲ್ಲದ ಕೆಲಸಗಳು

ಇಲ್ಲಿಯವರೆಗಿನ ತೀರ್ಮಾನ ಕೆಲವು ಕೆಲಸಗಳಲ್ಲಿ ತಲೆಕೆಳಗಾಗುತ್ತದೆ. ಮನೆಯ ಕಂಪ್ಯೂಟರಿನಲ್ಲೇ ಭಾಷಾ ಮಾದರಿಗಳನ್ನು ಓಡಿಸಿ ಕನ್ನಡ ಪಠ್ಯದ ಮೇಲೆ ಪ್ರಯೋಗ ಮಾಡುವ ವಿದ್ಯಾರ್ಥಿಗೆ ಮೊದಲು ಬೇಕಾದದ್ದು ಮೆಮೊರಿಯ ಗಾತ್ರ. 1,300 ಕೋಟಿ ಪ್ಯಾರಾಮೀಟರ್‌ಗಳ ಮಾದರಿಯನ್ನು 4 ಬಿಟ್‌ಗೆ ಇಳಿಸಿದರೂ ತೂಕಗಳಿಗೇ (ಮಾದರಿ ಕಲಿತಿಟ್ಟುಕೊಂಡ ಸಂಖ್ಯೆಗಳಿಗೇ) 6.5 ಜಿಬಿ ಬೇಕು, ಅದರ ಮೇಲೆ ಸಂವಾದದ ಸ್ಮೃತಿಗೆ ಮತ್ತಷ್ಟು. 8 ಜಿಬಿಯಲ್ಲಿ ಇಕ್ಕಟ್ಟಾಗುವ ಇದು 12 ಜಿಬಿಯಲ್ಲಿ ನೆಮ್ಮದಿಯಾಗಿ ಕೂರುತ್ತದೆ. ಎರಡರಲ್ಲೂ ಹಿಡಿಸುವ 4 ಜಿಬಿಯ ಮಾದರಿಯನ್ನೇ ತೆಗೆದುಕೊಂಡರೂ, ಪ್ರತಿ ಟೋಕನ್ (ಪದದ ತುಣುಕು) ಬರೆಯಲು ಎಲ್ಲ ತೂಕಗಳನ್ನೂ ಒಮ್ಮೆ ಓದಬೇಕಾಗುವುದರಿಂದ ಬ್ಯಾಂಡ್‌ವಿಡ್ತ್ ಅನ್ನು ಗಾತ್ರದಿಂದ ಭಾಗಿಸಿದಾಗ ಸಿಗುವುದೇ ವೇಗದ ಮಿತಿ: 3060ಕ್ಕೆ ಸೆಕೆಂಡಿಗೆ 90 ಟೋಕನ್, 4060ಕ್ಕೆ 68. ಆಟಗಳಲ್ಲಿ ನೆರವಾದ 24 ಎಂಬಿ ಕ್ಯಾಶ್ 4 ಜಿಬಿಯ ಮುಂದೆ ಏನೂ ಮಾಡಲಾರದು. ಹಳೆಯ ಕಾರ್ಡ್ ಇಲ್ಲಿ ನಿಸ್ಸಂದೇಹವಾಗಿ ಮೇಲು.

ವಿಡಿಯೋ ಮಾಡುವವರಿಗೆ ಲೆಕ್ಕ ಮತ್ತೆ ಬದಲಾಗುತ್ತದೆ. ಎವಿ1 ಮಾದರಿಯ ವಿಡಿಯೋವನ್ನು 3060 ನೋಡಲು ಮಾತ್ರ ಬಿಡಿಸಬಲ್ಲದು, 4060 ರೆಕಾರ್ಡ್ ಮಾಡಲೂ ಬಲ್ಲದು. ಅದೇ ಗಾತ್ರದ ಕಡತದಲ್ಲಿ ಹೆಚ್ಚು ಸ್ಪಷ್ಟವಾದ ಚಿತ್ರ ಬೇಕೆನ್ನುವವರಿಗೆ ಇದು ದೊಡ್ಡ ಅನುಕೂಲ. ಬ್ಲೆಂಡರ್ ಬಳಸುವವರು ಬ್ಲೆಂಡರ್ ಸಂಸ್ಥೆಯೇ ಪ್ರಕಟಿಸುವ ಓಪನ್ ಡೇಟಾ ಅಂಕಗಳನ್ನು ನೋಡಲಿ.

ವಿದ್ಯುತ್, ಶಾಖ, ಬೆಲೆ

3060ರ ವಿದ್ಯುತ್ ಮಿತಿ 170 ವ್ಯಾಟ್, 4060ರದು 115. ದಿನಕ್ಕೆ ಐದು ಗಂಟೆ ಪೂರ್ಣ ಭಾರದಲ್ಲಿ ಓಡಿಸಿದರೆ 55 ವ್ಯಾಟ್‌ಗಳ ಈ ಅಂತರ ವರ್ಷಕ್ಕೆ ಸುಮಾರು 100 ಯೂನಿಟ್ ಆಗುತ್ತದೆ. ನಿಮ್ಮ ಬಿಲ್ಲಿನಲ್ಲಿರುವ ದರದಿಂದ ಗುಣಿಸಿ, ಕಾರ್ಡನ್ನು ಇಟ್ಟುಕೊಳ್ಳುವ ವರ್ಷಗಳಿಗೆ ಹರಡಿ ಬೆಲೆಗೆ ಸೇರಿಸಿ. ಶಾಖದ ಅಂಕಿಗಳನ್ನು ಓದುವಾಗ ಕೋಣೆಯ ಉಷ್ಣತೆಯನ್ನು ಮರೆಯಬಾರದು. 23 ಡಿಗ್ರಿಯ ಕೋಣೆಯಲ್ಲಿ 68 ಡಿಗ್ರಿ ತೋರಿಸಿದ ಕಾರ್ಡ್ ಕೋಣೆಗಿಂತ 45 ಡಿಗ್ರಿ ಮೇಲಿದೆ ಎಂದರ್ಥ. ಕಲಬುರಗಿಯ ಬೇಸಿಗೆಯಲ್ಲಿ ಕೋಣೆಯೇ 38 ಡಿಗ್ರಿ ಇದ್ದರೆ ಅದು 83ರ ಹತ್ತಿರ ಹೋಗುತ್ತದೆ, ಆ ಮಟ್ಟದಲ್ಲಿ ಅನೇಕ ಎನ್ವಿಡಿಯಾ ಕಾರ್ಡ್‌ಗಳು ಕ್ಲಾಕ್ ವೇಗವನ್ನು ತಗ್ಗಿಸಿಕೊಳ್ಳುತ್ತವೆ. ಇಂಥ ಊರುಗಳಲ್ಲಿರುವವರು ಒಂದೇ ಚಿಪ್ಪಿನ ಎರಡು ಮಾದರಿಗಳ ನಡುವೆ ದೊಡ್ಡ ಹೀಟ್‌ಸಿಂಕ್ ಇರುವುದನ್ನು ಆರಿಸುವುದು ಒಳ್ಳೆಯದು.

ಅಮೆರಿಕದಲ್ಲಿ ಬಿಡುಗಡೆಯಾದಾಗ 3060ರ ಬೆಲೆ 329 ಡಾಲರ್, 4060ರದು 299 ಡಾಲರ್ ಇತ್ತು. ಇಲ್ಲಿ ನೀವು ತೆರುವ ಬೆಲೆ ಬೇರೆಯೇ ಆಗಿರುವುದರಿಂದ ಕೊಳ್ಳುವ ದಿನದ ಬೆಲೆಯಿಂದಲೇ ಲೆಕ್ಕ ಹಾಕಬೇಕು. ಬೆಲೆಯನ್ನು ನಿಮ್ಮ ಆಟಗಳ ಫ್ರೇಮ್ ಎಣಿಕೆಯಿಂದ ಭಾಗಿಸಿ. 28,000 ರೂಪಾಯಿಗೆ 80 ಫ್ರೇಮ್ ಎಂದರೆ ಫ್ರೇಮ್‌ಗೆ 350 ರೂಪಾಯಿ. 32,000ಕ್ಕೆ 100 ಫ್ರೇಮ್ ಎಂದರೆ 320. ಕಾರ್ಡ್‌ಗಾಗಿ ಎಸ್‌ಎಂಪಿಎಸ್ ಬದಲಿಸಬೇಕಾದರೆ ಅದರ ಬೆಲೆಯನ್ನೂ ಅದೇ ಕಾರ್ಡ್‌ನ ಲೆಕ್ಕಕ್ಕೆ ಬರೆಯಿರಿ. ಬಳಸಿದ 3060 ಕೊಳ್ಳುವವರು, 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಎಂಬ ಡಿಜಿಟಲ್ ನಾಣ್ಯದ ಮೈನಿಂಗ್ (ಲೆಕ್ಕ ಮಾಡಿ ನಾಣ್ಯ ಗಳಿಸುವುದು) ನಿಂತ ಮೇಲೆ ಅದಕ್ಕೆ ದುಡಿದ ಕಾರ್ಡ್‌ಗಳು ದೊಡ್ಡ ಸಂಖ್ಯೆಯಲ್ಲಿ ಮಾರುಕಟ್ಟೆಗೆ ಬಂದವು ಎಂಬುದನ್ನು ನೆನಪಿಟ್ಟುಕೊಂಡು, ಫ್ಯಾನ್‌ಗಳ ಸದ್ದು ಕೇಳಿ, ಸೀರಿಯಲ್ ಸಂಖ್ಯೆಯಿಂದ ವಾರಂಟಿ ಎಷ್ಟು ಉಳಿದಿದೆ ಎಂದು ನೋಡಬೇಕು.

ನನ್ನನ್ನು ಕೇಳಿದರೆ, 1080ಪಿ ಮಾನಿಟರ್‌ನಲ್ಲಿ ಆಟವಾಡುವವರಿಗೆ, ವಿಡಿಯೋ ರೆಕಾರ್ಡ್ ಮಾಡುವವರಿಗೆ, ಸೆಕೆ ಹೆಚ್ಚಿರುವ ಊರಿನವರಿಗೆ 4060 ಹೇಳುತ್ತೇನೆ. ಭಾಷಾ ಮಾದರಿಗಳ ಅಭ್ಯಾಸ ಮಾಡುವವರಿಗೆ ಮತ್ತು ಬ್ಲೆಂಡರ್‌ನಲ್ಲಿ ದೊಡ್ಡ ದೃಶ್ಯ ಕಟ್ಟುವವರಿಗೆ 12 ಜಿಬಿಯ 3060. ಯಾವುದನ್ನೇ ತಂದರೂ ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಜಿಪಿಯು-ಝಡ್‌ನಲ್ಲಿ ಕೋರ್, ಬಸ್, ಮೆಮೊರಿಯ ಅಂಕಿಗಳನ್ನು ಈ ಲೇಖನದಲ್ಲಿರುವವುಗಳೊಂದಿಗೆ ತಾಳೆ ನೋಡಿ, ನಿಮ್ಮ ಅತಿ ಭಾರದ ಆಟವನ್ನೋ ಕೆಲಸವನ್ನೋ ಒಂದು ಗಂಟೆ ಓಡಿಸಿ, ಉಷ್ಣತೆ ಮತ್ತು ಕ್ಲಾಕ್ ವೇಗವನ್ನು ಬರೆದಿಟ್ಟುಕೊಳ್ಳಿ. ಒಂದು ವರ್ಷದ ನಂತರ ಕಾರ್ಡ್ ನಿಧಾನವಾಯಿತೆಂಬ ಅನುಮಾನ ಬಂದಾಗ ಹೋಲಿಸಿ ನೋಡಲು ಅದೇ ಹಾಳೆ ಬೇಕಾಗುತ್ತದೆ.